ದೊಡ್ಡಪ್ಪ ಕರೆಯದ ಹೆಸರು

ಬಿಸಿಲಿಗೆ ಕಾದ ಶಹಾಬಾದಿ ಫರಸಿಕಲ್ಲಿನ ಮೇಲೆ ನೀರು ಚೆಲ್ಲಿದಾಗ ಏಳುವ ವಾಸನೆ ನಿಮಗೂ ಗೊತ್ತಿರಬಹುದು. ಎಲ್ಲಿ ಆ ವಾಸನೆ ಬಂದರೂ ಸೇಡಂನ ನಮ್ಮ ಮನೆಯ ಅಂಗಳ ನನ್ನ ಕಣ್ಣಿಗೆ ಕಟ್ಟುತ್ತದೆ. ಸಂಜೆ ದೊಡ್ಡಮ್ಮ ಕೊಡದಿಂದ ನೀರು ಹೊಯ್ಯುತ್ತಿದ್ದರು, ಅವ್ವ ಕಸಬರಿಗೆ ಹಿಡಿದು ಹಿಂದೆ ಬರುತ್ತಿದ್ದಳು. ನಾನು ಮತ್ತು ದೊಡ್ಡಪ್ಪನ ಮಗಳು ಸುಧಾ ಆ ಒದ್ದೆಯಲ್ಲಿ ಬರಿಗಾಲಲ್ಲಿ ಜಾರಿ ಆಡುತ್ತಿದ್ದೆವು. ದೊಡ್ಡಪ್ಪ ಹನುಮಪ್ಪನ ಗುಡಿಯ ಪೂಜೆ ನೋಡಿಕೊಳ್ಳುತ್ತಿದ್ದರು. ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರು. ಎಲ್ಲರಿಗೂ ಒಂದೇ ಅಡುಗೆಮನೆ. ತಮ್ಮ ಅಣ್ಣ ಊಟಕ್ಕೆ ಕೂಡುವ ತನಕ ಅಪ್ಪ ತುತ್ತು ಮುಟ್ಟುತ್ತಿರಲಿಲ್ಲ.

ಆ ಮನೆ ಒಡೆದದ್ದು ಒಂದು ರೊಟ್ಟಿಯಿಂದ. ಕಾಗಿಣಾ ಹೊಳೆಯ ದಂಡೆಯ ಹಳ್ಳಿಯಿಂದ ಶಾಲೆಗೆ ಬರುತ್ತಿದ್ದ ಹುಡುಗನೊಬ್ಬನ ತಂದೆ, ಮೀನು ಹಿಡಿದು ಬದುಕುತ್ತಿದ್ದವನು, ತೀರಿಕೊಂಡಾಗ ಅಪ್ಪ ಮಾತಾಡಿಸಲು ಹೋದರು. ಹುಡುಗನ ಅಜ್ಜಿ ಮುಂದಿಟ್ಟ ರೊಟ್ಟಿಯನ್ನು ಒಲ್ಲೆ ಎನ್ನಲಾಗದೆ ತಿಂದರು. ಅಪ್ಪನಿಗಿಂತ ಮೊದಲು ಸುದ್ದಿ ಮನೆ ಮುಟ್ಟಿತ್ತು. "ದೇವರನ್ನ ಮುಟ್ಟೋ ಕೈ ನಂದು. ಇನ್ನ ನಮ್ಮ ಒಲಿ ಬ್ಯಾರೆ," ಎಂದರು ದೊಡ್ಡಪ್ಪ. "ಸತ್ತ ಮನ್ಯಾಗ ಕೊಟ್ಟದ್ದಣ್ಣಾ, ಹ್ಯಾಂಗ ಬ್ಯಾಡನ್ಲಿ?" ಎಂದರು ಅಪ್ಪ. ಅಷ್ಟೇ. ನಡುಮನೆಯ ಬಾಗಿಲು ಮುಚ್ಚಿತು. ಅಂಗಳವೇನೋ ಒಂದೇ ಉಳಿಯಿತು, ಆದರೆ ಅಪ್ಪ ಎದುರಾದರೆ ದೊಡ್ಡಪ್ಪ ಮುಖ ತಿರುಗಿಸಿಬಿಡುತ್ತಿದ್ದರು. ನಾನೂ ಸುಧಾಳೂ ಶಾಲೆಯ ದಾರಿಯಲ್ಲಿ ಮಾತ್ರ ಅಕ್ಕತಂಗಿಯರಾಗಿ ಉಳಿದೆವು. ಆಗ ನಾವಿನ್ನೂ ಚಿಕ್ಕವರು.

ಒಂಬತ್ತನೆಯ ತರಗತಿಗೆ ಬಂದಾಗ ಅಪ್ಪನೇ ನಮಗೆ ಕನ್ನಡ ಕಲಿಸಿದರು. ಅಲ್ಲಿ ನಾವಿಬ್ಬರೂ ಅವರನ್ನು ಸರ್ ಎನ್ನಬೇಕಿತ್ತು. ಒಂದು ಮಧ್ಯಾಹ್ನ ಕಥೆಯೊಂದರ ಪಾಠ ಮುಗಿಸಿ, "ನೀವು ಯಾರು? ಹೆಸರು ಬಿಟ್ಟು ಹೇಳ್ರಿ ನೋಡೋಣ," ಎಂದರು. ಒಬ್ಬ ಫಿಟ್ಟರನ ಮಗ ಎಂದ, ಇನ್ನೊಬ್ಬಳು ಮುಧೋಳದವಳು ಎಂದಳು. ಅಪ್ಪ ನಕ್ಕರು. "ಅವ್ವ ಕೂಸೇ ಅಂತಾಳ, ತಂಗಿ ಅಣ್ಣಾ ಅಂತಾಳ, ಗೆಳೆಯ ಲೇ ಅಂತಾನ. ನಮ್ಮವರು ಏನಂತ ಕರೀತಾರೋ ಅದರಾಗೇ ನಾವು ಇರ್ತೀವಿ. ಕರಿಯೋರೇ ಇಲ್ಲಂದ್ರ ನಾವು ಯಾರು?"

ಸುಧಾ ಎದ್ದು ನಿಂತಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಅವಳಿಗೆ ನಿಜಕ್ಕೂ ತಿಳಿಯಬೇಕಿತ್ತು.

"ಹಂಗಾದ್ರ ನಮ್ಮಪ್ಪ ನಿಮಗ ಏನಂತ ಕರೀತಾರ, ಕಾಕಾ?"

ಕಾಕಾ ಎಂದದ್ದಕ್ಕೆ ಹಿಂದಿನ ಬೆಂಚಿನವರು ನಕ್ಕರು. ಅಪ್ಪನ ಮುಖ ಕಂಡು ಸುಮ್ಮನಾದರು. "ನನಗ ಗೊತ್ತಿಲ್ಲವ್ವಾ. ಕುಂದ್ರು," ಎಂದ ಅಪ್ಪ ಪುಸ್ತಕ ಎತ್ತಿಕೊಂಡು ಗಂಟೆ ಹೊಡೆಯುವ ಮೊದಲೇ ಹೊರಗೆ ನಡೆದರು. ಇಡೀ ತರಗತಿಯೆದುರು ನಮ್ಮ ಮನೆಯ ಬಾಗಿಲು ತೆರೆದುಕೊಂಡಂತಾಗಿ ನಾನು ತಲೆ ಎತ್ತಲಿಲ್ಲ.

ಅಂದು ಸಂಜೆ ಅಪ್ಪ ಕಾಲು ತೊಳೆದುಕೊಂಡು ಅಂಗಳ ದಾಟಿ ಹೋಗಿ ದೊಡ್ಡಪ್ಪನ ಹೊಸ್ತಿಲ ಮುಂದೆ ನಿಂತರು. "ಅಣ್ಣಾ," ಎಂದು ಕರೆದರು. ಒಳಗಿನಿಂದ ದೊಡ್ಡಪ್ಪನ ದನಿ ನನಗೂ ಕೇಳಿಸಿತು: "ಮಡಿಯಾಗಿದ್ದೀನಿ ಅಂತ ಹೇಳು ಅವನಿಗೆ." ದೊಡ್ಡಮ್ಮ ಬಾಗಿಲಿಗೆ ಬಂದರು, ಹೇಳಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಇರ್ಲಿ ಬಿಡ್ರಿ ವೈನಿ," ಎಂದು ಅಪ್ಪ ಮರಳಿದರು. ಮತ್ತೆಂದೂ ಅತ್ತ ಹೋಗಲಿಲ್ಲ. ತರಗತಿಯ ಮಾತು ದೊಡ್ಡಪ್ಪನ ಕಿವಿಗೂ ಬಿತ್ತು. ಸುಧಾಳನ್ನು ಶಾಲೆ ಬಿಡಿಸಿ ವಾಡಿಯಲ್ಲಿದ್ದ ಸೋದರಮಾವನ ಮನೆಗೆ ಕಳಿಸಿದರು. ಹೊರಡುವಾಗ ಅವಳು ನನ್ನ ಕೈ ಹಿಡಿದು, "ನಾ ಏನ್ ತಪ್ಪು ಕೇಳ್ದೆ?" ಎಂದು ಅತ್ತಳು.

ನಾನು ಕಾಲೇಜಿನಲ್ಲಿದ್ದಾಗ ಅಪ್ಪ ಎದೆನೋವಿನಿಂದ ಹಠಾತ್ತನೆ ಹೋದರು. ಸ್ಮಶಾನದಲ್ಲಿ ದೊಡ್ಡಪ್ಪ ಎಲ್ಲರಿಂದ ದೂರ ನಿಂತಿದ್ದರು. ಕರ್ಮಗಳೆಲ್ಲ ಮುಗಿದು ನೆಂಟರು ಊರಿಗೆ ಮರಳಿದ ಮೇಲೆ ಒಂದು ದಿನ ಅಂಗಳ ದಾಟಿ ಬಂದು ನಮ್ಮ ಮೆಟ್ಟಿಲ ಮೇಲೆ ಕುಳಿತರು. ಅವ್ವನನ್ನು ಕೇಳಿದರು: "ಅವತ್ತ ಅವ ನನ್ನ ಬಾಗಿಲಿಗೆ ಬಂದಿದ್ನಲ್ಲ, ಏನ್ ಹೇಳಬೇಕಂತಿದ್ದ?"

ಅವ್ವ ಬಾಗಿಲ ಮರೆಯಿಂದಲೇ ಹೇಳಿದಳು: "ಹೇಳೋದೇನೂ ಇರಲಿಲ್ರಿ. ಅಣ್ಣಾ ಅಂತ ಕರೀಲಿಕ್ಕೆ ಬಂದಿದ್ರು."

ದೊಡ್ಡಪ್ಪ ತಲೆ ಬಗ್ಗಿಸಿದರು. ಆಮೇಲೆ ಬಹಳ ಮೆಲ್ಲಗೆ, ಪಕ್ಕದಲ್ಲೇ ಯಾರೋ ಮಲಗಿದ್ದಾರೆ ಎಂಬಂತೆ, "ರಾಘ್ಯಾ," ಎಂದರು.

ಅಪ್ಪನಿಗೆ ಹಾಗೊಂದು ಹೆಸರಿತ್ತೆಂಬುದನ್ನೇ ನಾನು ಮರೆತಿದ್ದೆ.