ಪುಟಕ್ಕೊಂದು ಒಡೆಯದ ಲೆಕ್ಕ

ಅಕ್ಕ ಏಳನ್ನು ಹೊಡೆದು ಹಾಕುತ್ತಾರೆ. ಅದರ ಜಾಗದಲ್ಲಿ ನಾಲ್ಕು ಬರೆದು, ತಲೆ ಓರೆ ಮಾಡಿ ನೋಡಿ, ಅದನ್ನೂ ಹೊಡೆಯುತ್ತಾರೆ. ಕಿಟಕಿಯಾಚೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ಕೆಳಗಿನ ಸೈಕಲ್ ಅಂಗಡಿಯವನು ಶಟರ್ ಎತ್ತುವ ಸದ್ದಿಗೆ ಮೇಜು ಸಣ್ಣಗೆ ನಡುಗುತ್ತದೆ. ಅವರು ಎಡಗೈಯಲ್ಲಿ ಮೇಜನ್ನು ಒತ್ತಿ ಹಿಡಿದು ಬಲಗೈಯಲ್ಲಿ ಬರೆಯುತ್ತಲೇ ಇರುತ್ತಾರೆ. ಕೊನೆಗೆ ಮೂರು ಮತ್ತು ಎಂಟು ನಿಲ್ಲುತ್ತವೆ. ಗುಣಿಸಿದರೆ ಇಪ್ಪತ್ತನಾಲ್ಕು, ಕೂಡಿದರೆ ಹನ್ನೊಂದು. "ಹ್ಞಾ, ಇದು ಆಗುತ್ತೆ" ಎನ್ನುತ್ತಾರೆ, ತಮಗೆ ತಾವೇ.

ಒಳಕೋಣೆಯಿಂದ ಅಮ್ಮನ ದನಿ ಬರುತ್ತದೆ: "ಮಂಡಳಿ ಎದ್ದಿದೆಯಾ? ಎದ್ದಿದ್ರೆ ಚಹಾಕ್ಕೆ ನೀರಿಡೋಕೆ ಹೇಳಿ."

ಈ ಮನೆಯಲ್ಲಿ ಮಂಡಳಿ ಎಂದರೆ ಅಕ್ಕನೇ. ಹತ್ತನೇ ತರಗತಿಯ ಗಣಿತದಲ್ಲಿ ಫೇಲಾಗಿ ಮತ್ತೆ ಪರೀಕ್ಷೆ ಕಟ್ಟುವವರಿಗಾಗಿ ಒಂದು ಸಣ್ಣ ಮುದ್ರಣಾಲಯ ಪ್ರತಿ ವರ್ಷ ಅಭ್ಯಾಸ ಪುಸ್ತಕ ತರುತ್ತದೆ. ತೆಳು ಕಾಗದ, ಮೂರು ಪಿನ್ನು, ಹಳದಿ ರಕ್ಷಾಪುಟ. ಅದರ ಮೇಲೆ 'ರಚನೆ: ಅನುಭವಿ ಅಧ್ಯಾಪಕರ ಮಂಡಳಿ' ಎಂದಿರುತ್ತದೆ. ಹತ್ತೊಂಬತ್ತು ವರ್ಷದಿಂದ ಆ ಮಂಡಳಿಯ ಅಧ್ಯಕ್ಷರು, ಕಾರ್ಯದರ್ಶಿ, ಸದಸ್ಯರು ಎಲ್ಲ ಈ ಒಬ್ಬ ಹೆಂಗಸು. ಅಧ್ಯಾಪಕಿಯಂತೂ ಅಲ್ಲವೇ ಅಲ್ಲ. ಅಪ್ಪ ಹಾಸಿಗೆ ಹಿಡಿದಾಗ ಕಾಲೇಜು ಅರ್ಧಕ್ಕೆ ಬಿಟ್ಟು, ಅಚ್ಚಿನ ತಪ್ಪು ತಿದ್ದುವ ಕೆಲಸಕ್ಕೆಂದು ಮುದ್ರಣಾಲಯಕ್ಕೆ ಹೋದವರು. ಲೆಕ್ಕ ಬರೆದುಕೊಡುತ್ತಿದ್ದ ನಿವೃತ್ತ ಮೇಷ್ಟ್ರು ಒಂದು ವರ್ಷ ಪುಸ್ತಕವನ್ನು ನಡುವೆಯೇ ಬಿಟ್ಟು ಮಗಳ ಮನೆಗೆ ಹೊರಟುಹೋದರು. ಉಳಿದ ಎರಡು ಪುಟ ನೀನೇ ತುಂಬಿಸಮ್ಮ ಎಂದು ಮಾಲೀಕರು ಹೇಳಿದರು. ಆ ಎರಡು ಪುಟ ಇನ್ನೂ ಮುಗಿದಿಲ್ಲ.

ವರ್ಗ ಸಮೀಕರಣದ ಅಧ್ಯಾಯ ಅವರ ಪುಸ್ತಕದಲ್ಲಿ ಎಲ್ಲಕ್ಕಿಂತ ದಪ್ಪ. ಪುಟಕ್ಕೆ ಹನ್ನೆರಡು ಲೆಕ್ಕ, ದಿನಕ್ಕೆ ಒಂದು ಪುಟ. ಹಳೆಯ ಪುಸ್ತಕದ ಉತ್ತರಗಳು ಕೈಯಿಂದ ಕೈಗೆ ದಾಟಿಬಿಡುತ್ತವೆ, ಹಾಗಾಗಿ ಪ್ರತಿ ವರ್ಷ ಎಲ್ಲವೂ ಹೊಸದಾಗಬೇಕು. ಕಲಿಯುವವರು ಲೆಕ್ಕದಿಂದ ಉತ್ತರಕ್ಕೆ ಹೋಗುತ್ತಾರೆ. ಅಕ್ಕ ಉತ್ತರದಿಂದ ಲೆಕ್ಕಕ್ಕೆ ಬರುತ್ತಾರೆ. ಮೊದಲು ಎರಡು ಸಂಖ್ಯೆ ಹಿಡಿಯುವುದು, ಗುಣಿಸಿ ಒಂದು ಕಡೆ, ಕೂಡಿ ಒಂದು ಕಡೆ ಬಚ್ಚಿಡುವುದು. ಓದುವವನು ಅವನ್ನು ಹುಡುಕಿ ತೆಗೆಯಬೇಕು.

ಅಪವರ್ತನ ಎಂಬ ಪದಕ್ಕೇ ಹೆದರುವವರಿಗೆ ಅವರು ಹೇಳುವುದು ಇಷ್ಟು. "ಗುಣಿಸಿದ್ರೆ ಹದಿನೆಂಟು, ಕೂಡಿದ್ರೆ ಒಂಬತ್ತು ಆಗೋ ಜೋಡಿ ಯಾವುದು? ಮೂರು, ಆರು. ಲೆಕ್ಕ ಎರಡು ತುಂಡಾಯ್ತು. ಎರಡು ತುಂಡು ಗುಣಿಸಿ ಸೊನ್ನೆ ಬಂತು ಅಂದ್ರೆ ಇಬ್ಬರಲ್ಲಿ ಒಬ್ಬ ಸೊನ್ನೆ ಆಗಿರ್ಲೇಬೇಕು. ಯಾರು ಅಂತ ಇಬ್ಬರನ್ನೂ ಹಿಡಿದು ಕೇಳೋದು, ಅಷ್ಟೇ."

ಕೇಳಲು ಸುಲಭ. ಕೆಲಸದಲ್ಲಿ ಸೂಕ್ಷ್ಮಗಳಿವೆ. ಐದು ಮತ್ತು ಆರು ಒಟ್ಟಿಗೆ ಬರುವ ಲೆಕ್ಕವನ್ನು ಅವರು ಮೊದಲ ಪುಟಗಳಲ್ಲಿ ಇಡುವುದೇ ಇಲ್ಲ. ಕೂಡಿದರೆ ಐದು, ಗುಣಿಸಿದರೆ ಆರು ಎಂದರೆ ಎರಡು ಮತ್ತು ಮೂರು. ಆರರ ಹಿಂದಿನ ಚಿಹ್ನೆಯನ್ನು ಅವಸರದಲ್ಲಿ ಋಣ ಎಂದು ಓದಿಕೊಂಡರೂ ಆರು ಮತ್ತು ಋಣ ಒಂದು ಎಂಬ ಚಂದದ ಜೋಡಿ ಸಿಕ್ಕಿಬಿಡುತ್ತದೆ. ತಪ್ಪು ದಾರಿಯಲ್ಲಿ ಹೋದವನಿಗೂ ಲೆಕ್ಕ ಬಾಗಿಲು ತೆರೆದು ಒಳಗೆ ಕರೆಯುತ್ತದೆ. "ಅದು ಬೆಣ್ಣೆ ಮಾತಿನ ಲೆಕ್ಕ. ಹೊಸಬರನ್ನ ಅದರ ಕೈಗೆ ಕೊಡಬಾರದು" ಎನ್ನುತ್ತಾರೆ.

ಆದರೆ ಅವರ ಬೆಳಗು ನಿಜವಾಗಿ ಖರ್ಚಾಗುವುದು ಹನ್ನೆರಡರಲ್ಲಿ ಒಂದೇ ಒಂದು ಲೆಕ್ಕಕ್ಕೆ. ಪ್ರತಿ ಪುಟದಲ್ಲೂ ಒಡೆಯದ ಲೆಕ್ಕ ಒಂದಿರುತ್ತದೆ. ಯಾವ ಜೋಡಿಗೂ ಅದು ಬಗ್ಗುವುದಿಲ್ಲ. ಪುಸ್ತಕದ ಕೊನೆಯ ಉತ್ತರಗಳಲ್ಲಿ ಅದರೆದುರು 'ಒಡೆಯುವುದಿಲ್ಲ' ಎಂದಿರುತ್ತದೆ. ಅದು ಇಂಥದೇ ಜಾಗದಲ್ಲಿ ಎಂದಿಲ್ಲ, ಒಂದು ಪುಟದಲ್ಲಿ ಮೂರನೆಯದು, ಇನ್ನೊಂದರಲ್ಲಿ ಒಂಬತ್ತನೆಯದು. ನೋಡಿದರೆ ಪಕ್ಕದ ಲೆಕ್ಕದ ಒಡಹುಟ್ಟಿನಂತೆ ಇರಬೇಕು, ಈಗ ಒಡೆಯುತ್ತದೆ ಅನ್ನಿಸಬೇಕು, ಒಡೆಯಬಾರದು.

ಈ ಪದ್ಧತಿ ಹುಟ್ಟಿದ್ದು ಒಂದು ಅಚ್ಚಿನ ತಪ್ಪಿನಿಂದ. ಏಳೆಂಟು ವರ್ಷದ ಹಿಂದೆ ಅಕ್ಕ ಬರೆದುಕೊಟ್ಟಿದ್ದು x² + 9x + 18 = 0. ಟೈಪು ಮಾಡುವಾಗ ಹದಿನೆಂಟು ಹದಿನಾರಾಯಿತು. ತಿದ್ದುವ ಕಣ್ಣೂ ಅಕ್ಕನದೇ. ಅದೂ ಜಾರಿತು. ಪುಸ್ತಕ ಅಂಗಡಿಗೆ ಹೋದ ಮೇಲೆ ಒಂದು ಸೋಮವಾರ ಬೇಕರಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಮುದ್ರಣಾಲಯದ ವಿಳಾಸ ಹುಡುಕಿಕೊಂಡು ಬಂದಳು. ಎರಡು ಸಲ ಫೇಲಾದವಳು. ಹತ್ತನೇ ತರಗತಿ ಪಾಸಾದರೆ ಒಲೆಯ ಮುಂದಿನಿಂದ ಗಲ್ಲಾಕ್ಕೆ ಬಡ್ತಿ ಎಂದು ಅವಳ ಬೇಕರಿಯವರು ಹೇಳಿದ್ದರು. ರಜೆಯ ದಿನವಿಡೀ ಆ ಒಂದೇ ಲೆಕ್ಕದ ಮುಂದೆ ಕೂತಿದ್ದಳಂತೆ. ಬ್ರೆಡ್ಡು ಸುತ್ತುವ ಕಾಗದದ ಮೇಲೆ ಹದಿನಾರರ ಜೋಡಿಗಳನ್ನೆಲ್ಲ ಬರೆದುಕೊಂಡು ಬಂದಿದ್ದಳು. ಒಂದು ಹದಿನಾರು, ಎರಡು ಎಂಟು, ನಾಲ್ಕು ನಾಲ್ಕು. ಕೂಡಿದರೆ ಹದಿನೇಳು, ಹತ್ತು, ಎಂಟು.

"ಜೋಡಿ ಇಷ್ಟೇ ಇರೋದು ಅಕ್ಕಾ. ಹತ್ತು ಬರುತ್ತೆ, ಎಂಟು ಬರುತ್ತೆ, ಒಂಬತ್ತು ಇವೆರಡರ ಮಧ್ಯ ಜಾರಿ ಹೋಗಿದೆ" ಎಂದಳು. "ನನ್ನ ತಲೆ ಕೆಟ್ಟಿದೆಯೋ ಪುಸ್ತಕ ಕೆಟ್ಟಿದೆಯೋ, ಒಂದು ಹೇಳಿಬಿಡಿ."

ಕೆಟ್ಟಿದ್ದು ಪುಸ್ತಕ ಎಂದು ಅಕ್ಕ ಹೇಳಿದರು. ಅವಳು ಆ ಕಾಗದವನ್ನು ಮಡಚಿ ಎದೆಗೊತ್ತಿಕೊಂಡು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳಂತೆ. ಈಗ ಅದೇ ಬೇಕರಿಯ ಗಲ್ಲಾದಲ್ಲಿರುವ ಅವಳನ್ನು ಕೇಳಿದರೆ, ಗಿರಾಕಿಗೆ ಚಿಲ್ಲರೆ ಕೊಡುತ್ತಲೇ ಹೇಳುತ್ತಾಳೆ: "ಅಲ್ಲಿವರೆಗೆ ಲೆಕ್ಕ ಬರಲಿಲ್ಲ ಅಂದ್ರೆ ನಾನೇ ದಡ್ಡಿ ಅಂದ್ಕೋತಿದ್ದೆ. ನಾನು ಸರಿ ಅಂತ ಮೊದಲನೇ ಸಲ ಗೊತ್ತಾಗಿದ್ದು ಆ ತಪ್ಪು ಲೆಕ್ಕದಿಂದ."

ಮುಂದಿನ ವರ್ಷದಿಂದ ಅಕ್ಕ ಪುಟಕ್ಕೊಂದು ಒಡೆಯದ ಲೆಕ್ಕವನ್ನು ಬೇಕೆಂದೇ ಇಡತೊಡಗಿದರು. "ಅದಕ್ಕೆ ಉತ್ತರಾನೇ ಇಲ್ಲ ಅಂತಲ್ಲ. ಸೂತ್ರ ಹಾಕಿದ್ರೆ ಬರುತ್ತೆ. ಈ ದಾರೀಲಿ ಇಲ್ಲ, ಅಷ್ಟೇ. ಪೂರ್ತಿ ಹುಡುಕಿದೆ, ಇಲ್ಲಿಲ್ಲ ಅನ್ನೋಕೆ ಬರ್ಬೇಕು. ಅದು ಬರದಿದ್ರೆ ಎಲ್ಲಾ ತಪ್ಪೂ ತಮ್ಮ ತಲೆ ಮೇಲೇ ಹಾಕ್ಕೋತಾರೆ."

ಈ ವರ್ಷ ಆ ಲೆಕ್ಕಕ್ಕೆ ಕುತ್ತು ಬಂದಿದೆ. ಅತಿ ಹೆಚ್ಚು ಪ್ರತಿ ಕೊಳ್ಳುವ ಟ್ಯೂಷನ್ ಕೇಂದ್ರದವರು ದೂರಿದ್ದಾರೆ. ಪಾಠ ಮಾಡುವವರು ಉತ್ತರ ನೋಡದೆ ಬೋರ್ಡಿನ ಮೇಲೆ ಶುರು ಮಾಡಿ ನಡುವೆ ಸಿಕ್ಕಿಬೀಳುತ್ತಾರೆ, ಮಕ್ಕಳು ನಗುತ್ತಾರೆ. ಅದಕ್ಕಿಂತ ಗಟ್ಟಿಯಾದ ಮಾತೊಂದನ್ನೂ ಆಡಿದ್ದಾರೆ: ಮೊದಲೇ ಬಿದ್ದು ಮಂಡಿ ತರಚಿಕೊಂಡ ಮಕ್ಕಳು, ಅವರ ದಾರಿಯಲ್ಲಿ ನೀವೇ ಯಾಕೆ ಹಳ್ಳ ತೋಡುತ್ತೀರಿ? ಈ ಮಾತು ಅಕ್ಕನಿಗೆ ನಾಟಿದೆ. ಒಂದು ವಾರದಿಂದ ಅದನ್ನೇ ಮೆಲುಕು ಹಾಕುತ್ತಿದ್ದಾರೆ. ಒಬ್ಬ ಹುಡುಗ ಅಂಥ ಲೆಕ್ಕವಿದ್ದ ಪುಟವನ್ನೇ ಹರಿದು ಹಾಕಿದ್ದು ಅವರಿಗೂ ಗೊತ್ತು. "ಅವರು ಹೇಳೋದರಲ್ಲೂ ನಿಜ ಇದೆ. ಹೆದರಿದವನನ್ನ ನನ್ನ ಲೆಕ್ಕ ಇನ್ನಷ್ಟು ಹೆದರಿಸಿರಬಹುದು" ಎಂದು ಒಪ್ಪಿಕೊಳ್ಳುತ್ತಾರೆ. ಆಮೇಲೆ ಪೆನ್ಸಿಲ್ ಕೆತ್ತುತ್ತಾರೆ.

ಚಹಾ ಮುಗಿಯುವ ಹೊತ್ತಿಗೆ ಮೆಟ್ಟಿಲ ಮೇಲೆ ಏದುಸಿರು ಕೇಳಿಸುತ್ತದೆ. ಮಾಲೀಕರು ಈ ಮನೆಗೆ ಬರುವುದು ಅಪರೂಪ. ಒಳ್ಳೆಯವರು, ಅವಸರದವರು, ಅಂಗಿಯ ತೋಳಿಗೆ ಬೈಂಡಿಂಗಿನ ಗೋಂದು ಅಂಟಿಸಿಕೊಂಡೇ ಬಂದಿದ್ದಾರೆ. ಕಾಗದದ ಸುರುಳಿ ಬಿಚ್ಚುತ್ತ, "ನೋಡಿ ಮೇಡಂ" ಎನ್ನುತ್ತಾರೆ.

"ನಿನ್ನೆ ತನಕ ಏನಮ್ಮಾ ಅಂತಿದ್ರಲ್ಲ" ಎನ್ನುತ್ತಾರೆ ಅಮ್ಮ. "ಇವತ್ತೇನು ಇವಳು ಮೇಡಂ ಆಗ್ಬಿಟ್ಳು?"

ಬಿಚ್ಚಿದ್ದು ಹೊಸ ರಕ್ಷಾಪುಟದ ಮಾದರಿ. ಮಂಡಳಿ ಇದ್ದ ಜಾಗದಲ್ಲಿ ಅಕ್ಕನ ಪೂರ್ತಿ ಹೆಸರು, ಅಪ್ಪನ ಹೆಸರಿನ ಮೊದಲಕ್ಷರ ಸಮೇತ, ದಪ್ಪ ಕೆಂಪು ಅಕ್ಷರದಲ್ಲಿದೆ. ಅಮ್ಮ ಕನ್ನಡಕ ಹುಡುಕುತ್ತಾರೆ, ಸಿಗುವುದಿಲ್ಲ, ಕಾಗದವನ್ನೇ ಕಣ್ಣಿನ ಹತ್ತಿರ ತಂದುಕೊಳ್ಳುತ್ತಾರೆ. ಮಗಳು ಲೆಕ್ಕ ಬರೆಯುತ್ತಾಳೆ ಎಂದಾಗಲೆಲ್ಲ ನೆಂಟರು ಯಾವ ಅಂಗಡಿಯಲ್ಲಿ ಎಂದು ಕೇಳಿ ಕೇಳಿ ಅವರಿಗೆ ಸಾಕಾಗಿದೆ. ಒಂದು ಪುಸ್ತಕದ ಮೇಲೆ ಹೆಸರು ಬಂದರೆ ಎಲ್ಲರ ಬಾಯಿ ಮುಚ್ಚಿಸಬಹುದಿತ್ತು ಎಂಬುದು ಅವರ ಬಹಳ ಹಳೆಯ ಆಸೆ. ಅಕ್ಕನಿಗೂ ಆ ಆಸೆ ಇಲ್ಲವೆಂದಲ್ಲ. ಕಾಗದ ತಮ್ಮ ಕೈಗೆ ಬಂದಾಗ ಅವರು ತಮ್ಮ ಹೆಸರನ್ನು ಅಕ್ಷರ ಅಕ್ಷರವಾಗಿ ಓದುತ್ತಾರೆ, ಅಚ್ಚಿನ ತಪ್ಪು ಹುಡುಕುವವರ ಹಾಗೆ. ತಪ್ಪಿಲ್ಲ. ಮುಖ ಕೆಂಪಾಗುತ್ತದೆ.

ಮಾಲೀಕರು ಸುತ್ತಿ ಬಳಸುವುದಿಲ್ಲ. ಒಡೆಯದ ಲೆಕ್ಕ ತೆಗೆದು, ಪುಟಕ್ಕೊಂದರಂತೆ ಒಡೆಯುವ ಲೆಕ್ಕ ಬರೆದುಕೊಟ್ಟರೆ ಇದೇ ರಕ್ಷಾಪುಟ ಅಚ್ಚಿಗೆ ಹೋಗುತ್ತದೆ. ಇಲ್ಲದಿದ್ದರೆ ಟ್ಯೂಷನ್ ಕೇಂದ್ರದ ಮೇಷ್ಟ್ರೊಬ್ಬರು ಇಡೀ ಪುಸ್ತಕ ಬರೆಯಲು ತಯಾರಿದ್ದಾರಂತೆ. ಇದನ್ನು ಹೇಳುವಾಗ ಅವರು ಅಕ್ಕನ ಕಡೆ ನೋಡದೆ ಗೋಡೆಯ ಕಡೆ ನೋಡುತ್ತಾರೆ.

ಆ ಲೆಕ್ಕಕ್ಕೊಂದು ಚುಕ್ಕಿ ಹಾಕಿ, ಕೆಳಗೆ ಇದು ಒಡೆಯದೆಯೂ ಇರಬಹುದು ಎಂದು ಅಚ್ಚು ಹಾಕಿದರೆ ಆಗದೇ ಎಂದು ಅಕ್ಕ ಕೇಳುತ್ತಾರೆ. ಅದನ್ನೂ ಕೇಂದ್ರದವರನ್ನು ಕೇಳಿ ನೋಡಿದೆ, ಒಪ್ಪಲಿಲ್ಲ ಎನ್ನುತ್ತಾರೆ ಮಾಲೀಕರು.

"ಹನ್ನೆರಡರಲ್ಲಿ ಒಂದು ತಾನೆ" ಎನ್ನುತ್ತಾರೆ. "ಹೂಂ ಅನ್ನಿ, ಸಾಕು. ಮಧ್ಯಾಹ್ನಕ್ಕೆ ಈ ರಕ್ಷಾಪುಟ ಅಚ್ಚಿಗೆ ಹಾಕ್ತೀನಿ."

"ಹೂಂ ಅನ್ನೇ" ಎನ್ನುತ್ತಾರೆ ಅಮ್ಮ, ಮೆಲ್ಲಗೆ.

ಅಕ್ಕ ಕಾಗದವನ್ನು ಮೊದಲಿದ್ದ ಹಾಗೆಯೇ ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಮಾಲೀಕರ ಕೈಗೆ ಕೊಡುತ್ತಾರೆ.

"ಬೇಡ. ಆ ಲೆಕ್ಕ ನಾನು ತೆಗೆಯಲ್ಲ."