ಭಾವ ತೋಡಿಸಿದ ಗುಂಡಿ

ಮದುವೆಗೆ ಮುಂಚೆ ಅಕ್ಕ ನಮ್ಮ ಭಾವನನ್ನು ಮೊದಲ ಸಲ ಮನೆಗೆ ಕರೆತಂದ ದಿನ, ಅವರು ಯಾರ ಮುಖವನ್ನೂ ನೋಡದೆ ಸೀದಾ ಹಜಾರದ ಗೋಡೆಯ ಬಿರುಕಿನ ಹತ್ತಿರ ಹೋಗಿ ನಿಂತರು. ಬಿರುಕಿನೊಳಗೆ ಉಗುರು ತೂರಿಸಿ, "ಇದು ಮಳೆಗಾಲದಲ್ಲಿ ಅಗಲ ಆಗುತ್ತಾ?" ಎಂದು ಅಪ್ಪನನ್ನು ಕೇಳಿದರು. ಅಪ್ಪ ಅಡುಗೆಮನೆಗೆ ಬಂದು ಅಕ್ಕನ ಕಿವಿಯಲ್ಲಿ, "ಇವನು ನಿನ್ನ ಕೇಳೋಕೆ ಬಂದಿದಾನೋ, ಮನೆ ಕೊಳ್ಳೋಕೆ ಬಂದಿದಾನೋ?" ಎಂದರು. ಅಕ್ಕ ನಕ್ಕಳು. ಆಗ ನಕ್ಕಿದ್ದೇ ತಪ್ಪಾಯಿತು ಅಂತ ನನ್ನ ಅಭಿಪ್ರಾಯ, ಆದರೆ ನನ್ನನ್ನು ಯಾರು ಕೇಳಿದರು?

ಭಾವನ ಕೆಲಸ ಮಣ್ಣು ಪರೀಕ್ಷೆ. ನಮ್ಮೂರು ಗುಡ್ಡಕ್ಕೆ ಅಂಟಿಕೊಂಡ ಊರು. ಇಳಿಜಾರಿನಲ್ಲಿ ಮನೆ ಕಟ್ಟುವವರು ಪಾಯ ತೆಗೆಯುವ ಮುಂಚೆ ಅವರನ್ನು ಕರೆಯುತ್ತಾರೆ. ಅವರು ಗುಂಡಿ ತೋಡಿಸಿ ಒಳಗಿಳಿಯುತ್ತಾರೆ, ಮಣ್ಣಿನ ಬಣ್ಣ ಬದಲಾದಲ್ಲೆಲ್ಲ ಒಂದು ಹಿಡಿ ತೆಗೆದು, ನೀರು ಹನಿಸಿ, ಅಂಗೈಯಲ್ಲಿ ಬತ್ತಿಯಂತೆ ಹೊಸೆಯುತ್ತಾರೆ. ಬತ್ತಿ ಮುರಿದರೆ ಒಂದು ಮುಖ, ಮುರಿಯದೆ ಉದ್ದಕ್ಕೆ ಬಂದರೆ ಜೇಡಿಮಣ್ಣು ಅಂತ ಇನ್ನೊಂದು ಮುಖ. ಆಮೇಲೆ ಸುತ್ತಲಿನ ಮರಗಳು ಯಾವ ಕಡೆ ವಾಲಿವೆ, ನೀರು ಎಲ್ಲಿ ಒಸರುತ್ತಿದೆ ಎಂದು ನೋಡಿ, ಪಾಯ ಎಲ್ಲಿಯವರೆಗೆ ಇಳಿಸಬೇಕು ಅಂತ ಹೇಳುತ್ತಾರೆ. ಅವರ ಮಾತಿನಂತೆ ಕಟ್ಟಿದ ಒಂದು ಮನೆಯೂ ಇವತ್ತಿನವರೆಗೆ ಕದಲಿಲ್ಲ. ಊರವರು ಅವರನ್ನು ಮಣ್ಣು ಡಾಕ್ಟ್ರು ಅನ್ನುತ್ತಾರೆ.

ಆದರೆ ಕೊನೆಯಲ್ಲಿ ಮನೆಯ ಯಜಮಾನರು, "ಹಾಗಾದ್ರೆ ತಡೆಯುತ್ತೆ ಅಲ್ವಾ ಸಾರ್?" ಎಂದು ಕೇಳಿದರೆ, ಭಾವ ಟೋಪಿ ಹಾಕಿಕೊಳ್ಳುತ್ತಾ, "ನೋಡಬೇಕು" ಅನ್ನುತ್ತಾರೆ. ಮನೆ ಎದ್ದು, ಅದರಲ್ಲಿ ಮಕ್ಕಳು ಹುಟ್ಟಿ, ಆ ಮಕ್ಕಳು ಮಹಡಿಯ ಮೇಲೆ ಕುಣಿದಾಡುತ್ತಿದ್ದರೂ ಭಾವನದ್ದು ಅದೇ ಮಾತು. ಯಾರದೇ ಮನೆಗೆ ಊಟಕ್ಕೆ ಕರೆದರೂ ಕಂಬದ ಪಕ್ಕವೇ ಕೂರುತ್ತಾರೆ. ಕುರ್ಚಿಯನ್ನು ಎರಡು ಕೈಯಲ್ಲೂ ಒತ್ತಿ ನೋಡದೆ ಕುಳಿತದ್ದನ್ನು ನಾನು ಕಂಡಿಲ್ಲ.

ಇಂಥವರು ಸ್ವಂತ ಮನೆ ಕಟ್ಟಿಯಾರೇ? ಮದುವೆಯಾದಾಗಿನಿಂದ ಬಾಡಿಗೆ ಮನೆ. ಅಕ್ಕನಿಗೆ ಅರಮನೆ ಬೇಕಿರಲಿಲ್ಲ, ಒಂದು ಮೊಳೆ ಹೊಡೆಯಲು ಗೋಡೆ ಬೇಕಿತ್ತು, ಅಷ್ಟೇ. ಅಮ್ಮ ಕೊಟ್ಟ ಗೋಡೆಗನ್ನಡಿ ಅವಳ ಹತ್ತಿರ ಇತ್ತು, ದಪ್ಪ ಮರದ ಚೌಕಟ್ಟಿನದು. ಬಾಡಿಗೆ ಮನೆಯ ಮಾಲೀಕರೆಲ್ಲ ಒಂದೇ ಬಾಯಲ್ಲಿ, ಗೋಡೆಗೆ ಮೊಳೆ ಹೊಡೆಯಬಾರದು ಎಂದರು. ಹಾಗಾಗಿ ಕನ್ನಡಿ ನೆಲದ ಮೇಲೆ ಗೋಡೆಗೊರಗಿ ಕೂತಿತ್ತು. ಅಕ್ಕ ತಲೆ ಬಾಚಿಕೊಳ್ಳಬೇಕೆಂದರೆ ಅದರ ಮುಂದೆ ನೆಲದ ಮೇಲೆ ಕೂರಬೇಕು. ಮಂಡಿ ನೋವು ಶುರುವಾದ ಮೇಲೆ ಕೂತರೆ ಏಳಲು ಭಾವ ಬರಬೇಕು. ಭಾವ ಕೈ ಕೊಡುವ ಮುಂಚೆ ತಮ್ಮ ಕಾಲ ಕೆಳಗಿನ ನೆಲವನ್ನು ಒಮ್ಮೆ ತುಳಿದು ನೋಡಿಕೊಳ್ಳುತ್ತಿದ್ದರು.

ಕಡೆಗೆ ಅಕ್ಕ ಹಟ ಹಿಡಿದು ಗುಡ್ಡದ ಮೇಲೆ ಒಂದು ಸೈಟು ಕೊಂಡಳು. ಭಾವ ಮೂರು ಕಾಲದಲ್ಲೂ ಮಣ್ಣು ನೋಡಬೇಕೆಂದು ಮಳೆಗಾಲ ಕಾದರು, ಚಳಿಗಾಲ ಕಾದರು, ಬೇಸಿಗೆಯನ್ನೂ ಕಾದರು. ಅಷ್ಟರಲ್ಲಿ ಬಾಡಿಗೆ ಮನೆಯ ಮಾಲೀಕರು, ಮಗನ ಸಂಸಾರಕ್ಕೆ ಮನೆ ಬೇಕು, ಮಳೆಗಾಲದೊಳಗೆ ಖಾಲಿ ಮಾಡಿ ಎಂದರು. ಅಕ್ಕನ ಸಹನೆ ಅಲ್ಲಿಗೆ ಮುಗಿಯಿತು.

"ಊರವರ ಮನೆಗೆಲ್ಲ ಒಂದೇ ಗುಂಡಿ ತೋಡಿ ಹೇಳಿಬಿಡ್ತೀರಿ. ನಮ್ಮದಕ್ಕೆ ಮಾತ್ರ ಏನ್ರೀ ಬಂದಿರೋದು?"

ಭಾವ, "ಅವರ ಮನೇಲಿ ನೀನು ಮಲಗಲ್ವಲ್ಲ" ಎಂದರು.

ಅಂಥ ಮಾತಾಡಿದರೂ ಅವರನ್ನು ಸುಮ್ಮನೆ ಬಿಡುವುದುಂಟೇ? "ಭಾವ, ಗಾಳೀಲಿ ಕಟ್ಟಿಬಿಡಿ, ಮಣ್ಣಿನ ಗೊಡವೆನೇ ಇರಲ್ಲ" ಎಂದೆ. "ಗಾಳಿ ಇನ್ನೂ ಕಷ್ಟ ಕಣಮ್ಮ" ಎಂದು ಗಂಭೀರವಾಗಿ ತಲೆಯಾಡಿಸಿದರು.

ಮರುದಿನ ಮೇಸ್ತ್ರಿಯನ್ನು ಕರೆಸಿ ಗುಂಡಿ ತೋಡಿಸಿದರು. ಎದೆಮಟ್ಟ ಹೋಗುವಷ್ಟರಲ್ಲಿ ಹಾರೆ ಠಣ್ ಎಂದಿತು. ಬಂಡೆ! ಮೇಸ್ತ್ರಿ ಖುಷಿಯಿಂದ, "ಸಾರ್, ಇದಕ್ಕಿಂತ ಪಾಯ ಬೇಕಾ?" ಎಂದ. ಭಾವನ ಮುಖ ಮಾತ್ರ ಇನ್ನಷ್ಟು ಸಪ್ಪಗಾಯಿತು. ಯಾಕೆಂದರೆ ಗುಡ್ಡಗಳಲ್ಲಿ ಎರಡು ತರಹದ ಬಂಡೆ ಇರುತ್ತವಂತೆ. ಒಂದು ಗುಡ್ಡದ್ದೇ ಎಲುಬು. ಇನ್ನೊಂದು ಯಾವತ್ತೋ ಮೇಲಿನಿಂದ ಉರುಳಿ ಬಂದು ಮಣ್ಣಿನಲ್ಲಿ ಹೂತುಹೋದ ಗುಂಡು. ಮೇಲಿನಿಂದ ನೋಡಿದರೆ ಎರಡೂ ಒಂದೇ. ಗುಂಡಿನ ಮೇಲೆ ಮನೆ ಕಟ್ಟಿದರೆ ಆ ಬಂಡೆಗೆ ಉರುಳುವ ಮನಸ್ಸು ಬಂದ ದಿನ ಮನೆಯೂ ಉರುಳುತ್ತದೆ.

"ಇದರ ಅಂಚು ಎಲ್ಲಿದೆ ನೋಡಬೇಕು" ಎಂದರು ಭಾವ.

ಅಂಚು ಹುಡುಕುತ್ತಾ ಬಲಕ್ಕೆ ಅಗೆದರು. ಬಂಡೆ ಮುಂದುವರಿಯಿತು. ಎಡಕ್ಕೆ ಅಗೆದರು. ಬಂಡೆ ಅಲ್ಲಿಯೂ ಇತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದರು. ಭಾವ, "ದೊಡ್ಡ ಗುಂಡೂ ಇರಬಹುದಲ್ಲ" ಎಂದು ಗುಡ್ಡದ ಒಳಕ್ಕೆ ಅಗೆಸಿದರು. ಬಂಡೆ ಅಲ್ಲೂ ಮುಗಿಯಲಿಲ್ಲ, ಇಳಿಜಾರಿನಲ್ಲಿ ಒಳಕ್ಕೆ ಹೋದಂತೆ ಗುಂಡಿ ಆಳೆತ್ತರ ದಾಟಿತು. ಅಗೆದ ಮಣ್ಣನ್ನು ಬೀದಿಯವರೆಲ್ಲ ತಮ್ಮ ಹೂದೋಟಗಳಿಗೆ ಹೊತ್ತುಕೊಂಡು ಹೋದರು. ಸೈಟಿನಲ್ಲಿ ಮಣ್ಣು ಕಡಿಮೆಯಾಗುತ್ತಾ ಬಂತು, ಗುಂಡಿ ಹೆಚ್ಚಾಗುತ್ತಾ ಬಂತು.

ಒಂದು ಬೆಳಿಗ್ಗೆ ಸೈಟಿನ ಮೇಲ್ಗಡೆ ಮನೆಯ ಯಜಮಾನರು ಗುಂಡಿಯ ಅಂಚಿಗೆ ಬಂದು ಇಣುಕಿದರು. "ಸ್ವಾಮಿ, ನೀವು ಹೀಗೇ ಅಗೀತಾ ಹೋದ್ರೆ ನಮ್ಮ ಮನೆ ನಿಮ್ಮ ಗುಂಡಿಗೆ ಬೀಳಲ್ವಾ?"

ಭಾವ ಕೆಳಗಿನಿಂದ ಕತ್ತೆತ್ತಿ ಪ್ರೀತಿಯಿಂದ, "ನೋಡಬೇಕು" ಎಂದರು.

ಆ ಮನುಷ್ಯನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವರ ಹೆಂಡತಿ ಆ ಸಂಜೆಯೇ ಪಾತ್ರೆಪಗಡಿ ಹೊರಗಿಟ್ಟರೆಂದು ಸುದ್ದಿ. ಆದರೆ ಭಾವ ಆ ಮಾತನ್ನು ಗಾಳಿಗೆ ಬಿಡಲಿಲ್ಲ. ಮರುದಿನವೇ ಅಗೆತ ನಿಲ್ಲಿಸಿ, ಗುಂಡಿಯ ಹಿಂದಕ್ಕೂ ಎರಡು ಪಕ್ಕಕ್ಕೂ ಕಲ್ಲಿನ ಗೋಡೆ ಕಟ್ಟಿಸಿದರು. ಬುಡ ದಪ್ಪ, ಮೇಲೆ ಸಣ್ಣ, ನೀರು ಹರಿದುಹೋಗಲು ಅಲ್ಲಲ್ಲಿ ಕೊಳವೆ. ಇಳಿಜಾರಿನ ಕಡೆ ಮಾತ್ರ ತೆರೆದಿತ್ತು. ಅಲ್ಲಿ ನಿಂತರೆ ಕೆಳಗೆ ಇಡೀ ಊರು ಕಾಣುತ್ತಿತ್ತು.

ಗೋಡೆ ಮುಗಿದ ದಿನ ಅಕ್ಕ, ನಾನು ಇಬ್ಬರೂ ನೋಡಲು ಹೋದೆವು. ಕಾಲ ಕೆಳಗೆ ಚಪ್ಪಟೆಯಾಗಿ ಬಂಡೆ, ಮೂರು ಕಡೆ ಗೋಡೆ, ಎದುರಿಗೆ ಬೆಳಕು. ಅಕ್ಕ ಮಧ್ಯದಲ್ಲಿ ನಿಂತು ಒಂದು ಸುತ್ತು ತಿರುಗಿದಳು.

"ಮೇಸ್ತ್ರಿ, ಇದಕ್ಕೆ ಸೂರು ಹಾಕೋಕೆ ಬರುತ್ತಾ?"

ಮೇಸ್ತ್ರಿ ಕೈಯ ಕರಣೆ ಕೆಳಗಿಟ್ಟ. ಆಮೇಲೆ, "ಅಕ್ಕಾ, ನಾನು ಹದಿನೈದು ದಿನದಿಂದ ಇದೇ ಮಾತು ಹೊಟ್ಟೇಲಿಟ್ಟುಕೊಂಡು ಒದ್ದಾಡ್ತಾ ಇದ್ದೀನಿ" ಎಂದ.

"ಇದು ಪರೀಕ್ಷೆಯ ಗುಂಡಿ," ಭಾವ ಗಾಬರಿಯಾದರು. "ಮನೆ ಅಲ್ಲ. ಪರೀಕ್ಷೆ ಇನ್ನೂ ಮುಗಿದಿಲ್ಲ."

"ನಿಮ್ಮ ಪರೀಕ್ಷೆ ನಡೀತಾ ಇರ್ಲಿ. ನಾನು ಇಲ್ಲಿ ಇರ್ತೀನಿ. ನನ್ನ ಪಕ್ಕದಲ್ಲೇ ಕೂತ್ಕೊಂಡು ಮಣ್ಣು ಹೊಸೀರಿ, ಯಾರು ಬೇಡ ಅಂತಾರೆ?"

ಹೀಗೆ ನಮ್ಮ ಅಕ್ಕ ಗುಂಡಿಯಲ್ಲಿ ಸಂಸಾರ ಹೂಡಿದಳು. ಮೇಸ್ತ್ರಿ ತೊಲೆ ಜೋಡಿಸಿ ರಸ್ತೆಯ ಮಟ್ಟಕ್ಕೆ ಚಪ್ಪಟೆಯಾಗಿ ಸೂರು ಹಾಕಿದ. ಇಳಿಜಾರಿನ ಕಡೆ ಬಾಗಿಲು, ಎರಡು ಕಿಟಕಿ ಬಂದವು. ಮೇಲಿನ ರಸ್ತೆಯಿಂದ ನೋಡಿದರೆ ಮನೆಯೇ ಕಾಣದು. ಮೊದಲ ವಾರ ದಾರಿಹೋಕನೊಬ್ಬ ನಮ್ಮ ತಾರಸಿಯನ್ನು ಬಯಲೆಂದುಕೊಂಡು ಸೈಕಲ್ಲು ನಿಲ್ಲಿಸಿ, ನೆರಳಿಲ್ಲವಲ್ಲ ಎಂದು ಬೈದುಕೊಂಡು ಹೋದ. ಮೇಲಿನ ಮನೆಯವರು ತಮ್ಮ ಪಾತ್ರೆಪಗಡಿ ಒಳಗಿಟ್ಟುಕೊಂಡು, ಭಾವ ಕಟ್ಟಿಸಿದ ಗೋಡೆಯಿಂದ ತಮ್ಮ ಮನೆಯೂ ಗಟ್ಟಿಯಾಯಿತೆಂದು ಊರೆಲ್ಲ ಹೇಳಿಕೊಂಡು ತಿರುಗಿದರು.

ಸಾಮಾನು ಬಂದ ದಿನ ಅಕ್ಕ ಬೇರೇನನ್ನೂ ಬಿಚ್ಚಲಿಲ್ಲ. ಕನ್ನಡಿ ತೆಗೆದಳು, ಸುತ್ತಿಗೆ ತೆಗೆದಳು, ಇಷ್ಟು ವರ್ಷ ಸೆರಗಿನ ಗಂಟಿನಲ್ಲಿಟ್ಟಂತೆ ಜೋಪಾನ ಮಾಡಿದ್ದ ಮೊಳೆ ತೆಗೆದಳು. ಗೋಡೆಗಿಟ್ಟು ಹೊಡೆದಳು. ಮೊಳೆ ಬಾಗಿತು. ಇನ್ನೊಂದು ಮೊಳೆ ತಂದಳು, ಅದೂ ಬಾಗಿತು. ಭಾವ ಕಟ್ಟಿಸಿದ ಗೋಡೆ, ಮೊಳೆ ಒಳಗೆ ಹೋದೀತೇ?

ಅಕ್ಕ ಸುತ್ತಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಂಡೆಯ ಮೇಲೆ ಕುಳಿತುಬಿಟ್ಟಳು. ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು. "ಬಾಡಿಗೆ ಮನೇಲಿ ಮಾಲೀಕರು ಬೇಡ ಅಂದ್ರು. ನನ್ನ ಮನೇಲಿ ಗೋಡೆನೇ ಬೇಡ ಅಂತಿದೆ" ಎಂದಳು.

ಭಾವ ಹೊರಗೆ ಹೋದರು. ಮಣ್ಣಿಗೆ ಚುಚ್ಚಿ ಗಟ್ಟಿತನ ನೋಡುವ ತಮ್ಮ ಕಬ್ಬಿಣದ ಸರಳನ್ನು ತಂದರು. ಕೆಲಸಕ್ಕೆ ಸೇರಿದಂದಿನಿಂದ ಅವರ ಕೈಯಲ್ಲಿ ಸವೆದ ಸರಳು ಅದು. ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಎರಡು ಕಲ್ಲುಗಳ ಸಂದಿಗೆ ಅದನ್ನಿಟ್ಟು, ಮೇಸ್ತ್ರಿಯ ದೊಡ್ಡ ಸುತ್ತಿಗೆಯಿಂದ ಬಡಿದು, ಗೇಣುದ್ದ ಹೊರಗೆ ಉಳಿಯುವಂತೆ ಇಳಿಸಿದರು. ಅದಕ್ಕೆ ಕನ್ನಡಿ ತೂಗುಹಾಕಿದರು, ಅಕ್ಕ ನಿಂತರೆ ಮುಖ ಕಾಣುವ ಎತ್ತರಕ್ಕೆ.

"ತಡೆಯುತ್ತೇನ್ರೀ?" ಎಂದಳು ಅಕ್ಕ, ಕುಳಿತಲ್ಲಿಂದಲೇ.

ಭಾವನ ಬಾಯಿ ಆ ಹಳೇ ಮಾತಿಗೆ ತೆರೆದುಕೊಂಡಿತು, ಮುಚ್ಚಿಕೊಂಡಿತು.

"ತಡೆಯುತ್ತೆ" ಎಂದರು.

ಅಕ್ಕ ಈ ಸಲ ತಾನೇ ಎದ್ದಳು. ಕನ್ನಡಿಯ ಮುಂದೆ ನೆಟ್ಟಗೆ ನಿಂತು ನಿಧಾನವಾಗಿ ತಲೆ ಬಾಚಿಕೊಂಡಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಆಮೇಲೆ ಒಲೆ ಹಚ್ಚಿ ಅಡುಗೆ ಮಾಡಿದಳು, ತಟ್ಟೆ ಹಾಕಿ, "ಊಟಕ್ಕೆ ಬನ್ರೀ" ಎಂದು ಕರೆದಳು.

ಭಾವ ಬರಲಿಲ್ಲ. ಹೋಗಿ ನೋಡಿದರೆ ಕನ್ನಡಿಯ ಕೆಳಗೆ ಎರಡೂ ಅಂಗೈ ಬಟ್ಟಲು ಮಾಡಿಕೊಂಡು, ಬೀಳುವ ಮಗುವನ್ನು ಹಿಡಿಯುವವರಂತೆ ನಿಂತಿದ್ದರು.

"ತಡೆಯುತ್ತೆ ಅಂದ್ರಲ್ಲ ಭಾವ!"

"ತಡೆಯುತ್ತೆ ಕಣಮ್ಮ. ನೀವು ಊಟ ಮಾಡಿ, ನಾನು ಹೀಗೇ ಇರ್ತೀನಿ."

ಬೈಯುತ್ತಾಳೆ ಅಂದುಕೊಂಡೆ. ಅಕ್ಕ ತಟ್ಟೆ ಎತ್ತಿಕೊಂಡು ಬಂದು ಅವರ ಪಕ್ಕದಲ್ಲಿ ನಿಂತಳು. ಅನ್ನ ಕಲಸಿ, ತುತ್ತು ಮಾಡಿ, ಅವರ ಬಾಯಿಗಿಟ್ಟಳು. ಭಾವ ಅಗಿದರು, ನುಂಗಿದರು, ಮತ್ತೆ ಬಾಯಿ ತೆರೆದರು. ಕೈ ಮಾತ್ರ ಕೆಳಗಿಳಿಸಲಿಲ್ಲ.