ಊರು ಹೊರಬಿದ್ದ ದಿನ

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ನಾವು ಮೂವರು ಗೆಳೆಯರು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಡಿಗ್ರಿ ಓದುತ್ತಿದ್ದೆವು. ಓದುತ್ತಿದ್ದೆವು ಅನ್ನುವುದಕ್ಕಿಂತ ತಿರುಗುತ್ತಿದ್ದೆವು ಅಂದರೆ ಖರೆ. ಒಬ್ಬನ ಅಪ್ಪನದು ಅರಳೆ ವ್ಯಾಪಾರ. ಅವರು ಹರಾಜಿನಲ್ಲಿ ಹಿಡಿದಿದ್ದ ಹಳೆಯ ಜೀಪೊಂದು ಮನೆಯ ಮುಂದೆ ನಿಂತಿರುತ್ತಿತ್ತು. ಆ ಜೀಪಿನ ದೆಸೆಯಿಂದ ಅವನೇ ನಮ್ಮ ನಾಯಕ. ಇನ್ನೊಬ್ಬ ಗುಳೇದಗುಡ್ಡದ ನೇಕಾರರ ಮನೆಯವ. ಮನೆತುಂಬ ಕುಪ್ಪಸದ ಖಣ ನೇಯುವ ಮಗ್ಗಗಳ ಸದ್ದು ಕೇಳಿಯೇ ಬೆಳೆದವನಾದ್ದರಿಂದ ಮಾತು ಕಡಿಮೆ, ಆಡಿದರೆ ದನಿ ಜೋರು. ಮೂರನೆಯವ ನಾನು, ಸಾಲಿ ಮಾಸ್ತರರ ಮಗ. ಮನೆಯಲ್ಲಿ ಸುಳ್ಳು ಹೇಳಿ ಹೊರಬೀಳುವುದರಲ್ಲಿ ಮೂವರೊಳಗೆ ನಾನೇ ಜಾಣ.

ಆ ಜೀಪಿನಲ್ಲಿ ನಾವು ಮಾಡಿಕೊಂಡ ಫಜೀತಿಗಳು ಒಂದೆರಡಲ್ಲ. ಮಹಾಕೂಟದ ದಾರಿಯಲ್ಲಿ ಪೆಟ್ರೋಲು ತೀರಿ, ಎತ್ತಿನ ಬಂಡಿಯ ಹಿಂದೆ ಜೀಪು ಕಟ್ಟಿ ಎಳೆಸಿಕೊಂಡು ಬಂದಿದ್ದೇವೆ. ಬ್ರೇಕು ಹತ್ತದೆ ಯಾರದೋ ಕಣಿಕಿಯ ಬಣವೆಗೆ ನುಗ್ಗಿಸಿ, ಆ ಮನೆಯ ಹೆಂಗಸರ ಕೈಯಲ್ಲಿ ಬೈಸಿಕೊಂಡು, ಅವರ ಮನೆಯಲ್ಲೇ ಉಂಡು ಬಂದಿದ್ದೇವೆ. ಇವನ್ನೆಲ್ಲ ಇವತ್ತಿಗೂ ನಗುತ್ತ ಹೇಳುತ್ತೇನೆ. ಒಂದು ಪ್ರಯಾಣವನ್ನು ಮಾತ್ರ ಹೀಗೆ ಕತೆಯಾಗಿ ಯಾರ ಮುಂದೆಯೂ ಹೇಳಿಲ್ಲ.

ಆಷಾಢದ ಒಂದು ಮಂಗಳವಾರ. ಯಾವುದೋ ಗಲಾಟೆಯಿಂದ ಕಾಲೇಜಿಗೆ ಬೀಗ ಬಿದ್ದಿತ್ತು. ಜೀಪಿನವನ ಅಪ್ಪ ಒಂದು ಲಕೋಟೆ ಕೊಟ್ಟು, ಇಳಕಲ್ಲಿನ ವ್ಯಾಪಾರಿಯೊಬ್ಬರಿಗೆ ಮುಟ್ಟಿಸಿ ಬಾ ಎಂದಿದ್ದರು. ಹುನಗುಂದದ ಮೇಲೆ ನೆಟ್ಟಗೆ ಹೋದರೆ ಮಧ್ಯಾಹ್ನದೊಳಗೆ ಮುಗಿಯುವ ಕೆಲಸ. ಜೀಪು ಕೈಗೆ ಸಿಕ್ಕ ಮೇಲೆ ನೆಟ್ಟಗೆ ಯಾರು ಹೋಗುತ್ತಾರೆ? ಬಾದಾಮಿಗೆ ಹೊಡೆದೆವು. ಅಲ್ಲಿ ಗುಹೆಯ ಮೆಟ್ಟಿಲ ಮೇಲೆ ಮಂಗಗಳು ನಮ್ಮ ರೊಟ್ಟಿಯ ಗಂಟು ಹಾರಿಸಿದವು. ಹಸಿದ ಹೊಟ್ಟೆಯಲ್ಲೇ ಐಹೊಳೆ ಮುಟ್ಟಿ, ಅಲ್ಲೊಬ್ಬರನ್ನು ಕೇಳಿದಾಗ, ಹುನಗುಂದಕ್ಕೆ ಹೊಲದ ನಡುವೆ ಒಂದು ಬಂಡಿ ದಾರಿ ಇದೆ, ಭಾಳ ಹತ್ತಿರ ಅಂದರು. ಹತ್ತಿರವೇ ಇದ್ದಿರಬೇಕು, ನಮಗೆ ಬೇಗ ಮುಟ್ಟಲಾಗಲಿಲ್ಲ ಅಷ್ಟೆ.

ಎರಡು ದಿನ್ನೆ ದಾಟುವಷ್ಟರಲ್ಲಿ ಬಾನೆಟ್ಟಿನಿಂದ ಹೊಗೆಯಂತೆ ಉಗಿ ಎದ್ದಿತು. ರೇಡಿಯೇಟರಿನ ರಬ್ಬರ್ ಪೈಪು ಸೀಳಿತ್ತು. ಜೀಪಿನವ ಸಾಬೂನು ಮೆತ್ತಿ, ಕರವಸ್ತ್ರ ಸುತ್ತಿ, ಸುತಳಿಯಿಂದ ಬಿಗಿದ. ನೀರು ಮಾತ್ರ ಹನಿಯೂ ಉಳಿದಿರಲಿಲ್ಲ. ಅರ್ಧ ಮೈಲಿನಾಚೆ ಬೇವಿನ ಮರಗಳೂ ಮಣ್ಣಿನ ಮಾಳಿಗೆಗಳೂ ಕಂಡವು. ಡಬ್ಬಿ ಹಿಡಿದು ಮೂವರೂ ಹೊಲದೊಳಗಿಂದಲೇ ನಡೆದು, ಊರ ಹಿಂದಿನ ತಿಪ್ಪೆಗಳ ಕಡೆಯಿಂದ ಒಳಗೆ ಹೊಕ್ಕೆವು.

ಮೊದಲು ತಿಳಿದದ್ದು ನಾಯಿ ಬೊಗಳಲಿಲ್ಲ ಎಂಬುದು. ಮೂವರು ಪರಸ್ಥಳದವರು ಹಿತ್ತಿಲ ಕಡೆಯಿಂದ ಬಂದರೂ ಒಂದು ನಾಯಿಯೂ ಎದ್ದು ಬರಲಿಲ್ಲ. ತಿಪ್ಪೆಯ ಮೇಲೆ ಕೋಳಿ ಇರಲಿಲ್ಲ. ಗೂಟಗಳಿದ್ದವು, ದನ ಇರಲಿಲ್ಲ. ಓಣಿಯ ಎರಡೂ ಬದಿಗೆ ಮನೆಗಳ ಬಾಗಿಲು ಎಳೆದು ಮುಂದೆ ಮಾಡಿತ್ತು, ಒಂದಕ್ಕೂ ಕೀಲಿ ಇಲ್ಲ. ಚಿಲಕದಲ್ಲಿ ಬೇವಿನ ತೊಪ್ಪಲು ಸಿಕ್ಕಿಸಿದ್ದರು. ಆಷಾಢದ ಗಾಳಿ ಓಣಿ ತುಂಬಿ ಬೀಸುತ್ತಿತ್ತು. ಒಂದು ಪಡಸಾಲೆಯಲ್ಲಿ ಬರಿಯ ತೊಟ್ಟಿಲು ತಾನೇ ತೂಗುತ್ತಿತ್ತು.

"ಯಾರದೀರ್ರಿ?" ಜೀಪಿನವ ಕೂಗಿದ. ಅವನ ದನಿ ಅವನಿಗೇ ಹೆದರಿಕೆ ಹುಟ್ಟಿಸಿತೇನೋ, ಎರಡನೇ ಸಲ ಕೂಗಲಿಲ್ಲ.

ಊರ ನಡುವೆ ಬಾವಿ ಸಿಕ್ಕಿತು. ಗಡಗಡಿ ಇತ್ತು, ಹಗ್ಗ ಇರಲಿಲ್ಲ. ಬಗ್ಗಿ ನೋಡಿದರೆ ಕೆಳಗೆ ನಮ್ಮ ಮೂರು ತಲೆ. ಅಕ್ಕಪಕ್ಕದ ಕಟ್ಟೆಗಳ ಮೇಲೆ ಕೊಡ, ಹರವಿ, ಗಡಿಗೆ ಎಲ್ಲ ಬೋರಲಾಗಿದ್ದವು.

"ನಡೀರಿಲೇ ಹೋಗೂಣು," ಅಂದೆ ನಾನು. "ಇದ್ಯಾಕೋ ಚೊಲೊ ಅನಸವಲ್ದು."

ಆಗ ಹಿಂದಿನ ಓಣಿಯಿಂದ ಒಂದು ಸದ್ದು ಬಂತು. ತಂಬಿಗೆ ಕಲ್ಲಿನ ಮೇಲೆ ಬಿದ್ದು ಉರುಳಿದ ಸದ್ದು. ಗಾಳಿಗೆ ಬಿದ್ದದ್ದಲ್ಲ, ಕೈಯಿಂದ ಜಾರಿದ್ದು. ಎರಡಕ್ಕೂ ಇರುವ ಫರಕು ಕಿವಿಗೆ ಹೇಗೆ ಗೊತ್ತಾಗುತ್ತದೋ ಕಾಣೆ, ಮೂವರಿಗೂ ಗೊತ್ತಾಯಿತು. ಗುಳೇದಗುಡ್ಡದವ ಆ ಕಡೆ ನಡೆದ. ನಾವು ಅವನ ಹಿಂದೆ.

ಸದ್ದು ಬಂದ ಮನೆಯ ಬಾಗಿಲು ದೂಡಿದಾಗ ಒಳಗೆ ಕತ್ತಲು. ಮಾಳಿಗೆಯ ಬೆಳಕಿಂಡಿಯಿಂದ ಒಂದು ಕೋಲಿನಷ್ಟು ಬೆಳಕು ಇಳಿದು ನೆಲದ ಮೇಲೆ ಬಿದ್ದಿತ್ತು. ಅದರಾಚೆ ಕೌದಿಯ ಮೇಲೆ ಒಬ್ಬ ಮುದುಕಿ. ಮೈಯಲ್ಲಿ ನೀರೆಲ್ಲ ಬತ್ತಿ, ಕಣ್ಣು ಗುಳಿಯೊಳಗೆ ಇಳಿದುಹೋಗಿದ್ದವು. ಒಳಗಿನ ನಾತಕ್ಕೆ ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ.

"ಬಂದ್ಯಾ?" ಅಂದಳು ಮುದುಕಿ, ಗುಳೇದಗುಡ್ಡದವನ ಕಡೆ ಮುಖ ತಿರುಗಿಸಿ. "ಹೊತ್ತು ಮುಳಗೂಮಟಾ ಬರಬ್ಯಾಡ ಅಂದಿದ್ನಿಲ್ಲೋ ನನ ಕಂದಾ?"

ಅವನು ನಮ್ಮತ್ತ ಒಮ್ಮೆ ನೋಡಿದ. ಆಮೇಲೆ ಹೋಗಿ ಅವಳ ಪಕ್ಕ ಕೂತ. "ಬಂದ್ನಿ ಎವ್ವಾ," ಅಂದ. ಯಾವಾಗಲೂ ಜೋರಾಗಿರುವ ಅವನ ದನಿ ಅಷ್ಟು ಮೆತ್ತಗೆ ಬಂದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

"ನೀರು."

ಮೂಲೆಯಲ್ಲಿ ತುಂಬಿದ ಹರವಿ ಒಂದಿತ್ತು. ಉರುಳಿದ್ದ ತಂಬಿಗೆ ತುಂಬಿಸಿ, ಅವಳ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಸಿದ. ನಾಲ್ಕು ಗುಟುಕು ಇಳಿದ ಮೇಲೆ ಮುದುಕಿ ತಂಬಿಗೆಯನ್ನು ಅವನತ್ತ ತಳ್ಳಿದಳು. "ನೀನೂ ಕುಡಿ. ಮಾರಿ ಬಾಡೇತಿ." ಅವನು ಕುಡಿದ. ಬ್ಯಾಡ ಅನ್ನಲು ನನಗೆ ಬಾಯಿ ಬರಲಿಲ್ಲ.

ಜೀಪಿನವ ಅದೇ ಹರವಿಯಿಂದ ಡಬ್ಬಿ ತುಂಬಿಸಿಕೊಳ್ಳುತ್ತಿದ್ದ. ಮುದುಕಿ ಗೆಳೆಯನ ಮಣಿಕಟ್ಟು ಹಿಡಿದಳು. "ಹಿರ್ಯಾರಿಗೆ ಗೊತ್ತಾದ್ರ ನಿನ್ನ ಊರ ಬಿಡಸ್ತಾರ. ಹೋಗು. ಎಲ್ಲಾರೂ ಒಳಗ ಬಂದಮ್ಯಾಲೆ ಬಾ." ಅವನು ತಂಬಿಗೆಯನ್ನು ಮತ್ತೆ ತುಂಬಿಸಿ ಅವಳ ಕೈಗೆ ಎಟಕುವಂತೆ ಇಟ್ಟು ಎದ್ದ.

ಬಂದ ದಾರಿ ತಪ್ಪಿ, ದೊಡ್ಡ ಓಣಿ ಹಿಡಿದು ಊರ ಮುಂದಿನ ಅಗಸಿ ಬಾಗಿಲಿಗೆ ಬಂದುಬಿಟ್ಟೆವು. ಅಗಸಿಯ ಬಾಯಿಗೆ ಜಾಲಿಯ ಮುಳ್ಳು ಎಳೆದಿದ್ದರು, ಅದರ ಮುಂದೆ ನೆಲದ ಮೇಲೆ ಬೂದಿಯ ದಪ್ಪ ಗೆರೆ. ಮುಳ್ಳು ಸರಿಸಿ ದಾಟಿ ತಲೆ ಎತ್ತಿದರೆ ಎದುರಿನ ಹೊಲದಲ್ಲಿ ಇಡೀ ಊರು ಕೂತಿತ್ತು. ಬಂಡಿಗಳು, ದನ, ಕಟ್ಟಿಹಾಕಿದ ನಾಯಿಗಳು, ಬುಟ್ಟಿಯಡಿ ಕೋಳಿ, ಕಲ್ಲಿನ ಒಲೆಗಳು, ಕೂಸುಗಳನ್ನು ಎತ್ತಿಕೊಂಡ ಹೆಂಗಸರು. ನಮ್ಮನ್ನು ಕಂಡದ್ದೇ ಎಲ್ಲರೂ ಎದ್ದು ನಿಂತರು. ಯಾರೂ ಕೂಗಲಿಲ್ಲ. ಅಷ್ಟು ಮಂದಿ ಒಟ್ಟಿಗೆ ಎದ್ದರೂ ಮಾತೊಂದೂ ಇಲ್ಲದ್ದು ಖಾಲಿ ಊರಿಗಿಂತ ಹೆಚ್ಚು ಹೆದರಿಕೆ ತಂದಿತು.

"ಅಲ್ಲೇ ನಿಂದರ್ರಿ!" ತಲೆಗೆ ಪಟಕ ಸುತ್ತಿದ ಹಿರಿಯರೊಬ್ಬರು ಕೈ ಎತ್ತಿದರು. ಅವರ ಮಾತಿನಿಂದಲೇ ನಮಗೆ ಸಂಗತಿ ತಿಳಿದದ್ದು. ಹದಿನೈದು ದಿನಗಳಿಂದ ಊರಲ್ಲಿ ವಾಂತಿಭೇದಿ ಹೊಕ್ಕು ಮಂದಿ ಸಾಯುತ್ತಿದ್ದರು. ಅದಕ್ಕೆ ಊರದೇವತೆ ದ್ಯಾಮವ್ವನ ಅಪ್ಪಣೆಯಂತೆ ಆವತ್ತು ಹೊರಬೀಡು. ಹೊತ್ತು ಹುಟ್ಟುವ ಮೊದಲು ಊರಿಗೆ ಊರೇ ಹೊರಬಿದ್ದು, ಹೊತ್ತು ಮುಳುಗಿದ ಮೇಲೆ ಒಳಗೆ ಹೋಗಬೇಕು. ನಡುವೆ ಒಳಗೆ ಜೀವ ಉಳಿಯಬಾರದು, ಒಲೆ ಹೊತ್ತಬಾರದು, ನೀರು ನಿಲ್ಲಬಾರದು. ಉಳಿದರೆ ಮಾರಿ ಅದನ್ನು ಹಿಡಿದುಕೊಂಡು ಕೂಡುತ್ತಾಳೆ, ಹೊರಗೆ ಹೋಗುವುದಿಲ್ಲ.

"ಒಳಗ ಯಾರರೆ ಕಂಡ್ರೇನು?"

ಮಂದಿಯ ಹಿಂದೆ ನಮಗಿಂತ ನಾಲ್ಕಾರು ವರ್ಷ ದೊಡ್ಡವನಿರಬಹುದಾದ ಒಬ್ಬ ನಿಂತಿದ್ದ. ತಲೆಗೆ ಕೆಂಪು ವಸ್ತ್ರ. ಅವನು ನನ್ನನ್ನೇ ನೋಡುತ್ತಿದ್ದ, ಕಣ್ಣು ಮಿಟುಕಿಸದೆ. ಆ ಮುದುಕಿಯ ಮಗ ಇವನೇ ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ಇಲ್ರಿ," ಅಂದೆ. ಸುಳ್ಳು ಸಲೀಸಾಗಿ ಬಂತು. "ಒಂದು ನರಪಿಳ್ಳಿ ಇಲ್ರಿ."

"ಡಬ್ಬ್ಯಾಗಿನ ನೀರು?"

"ಬಾವ್ಯಾಗಿಂದ್ರಿ."

ಹಿರಿಯರು ಡಬ್ಬಿಯನ್ನೇ ನೋಡಿದರು. "ಬಾವಿಗೆ ಹಗ್ಗ ಇಲ್ಲಲ್ಲೋ ತಮ್ಮಾ."

"ಅಲ್ಲ್ರಿ... ಒಂದು ಮನ್ಯಾಗ ಹರವಿ ತುಂಬಿತ್ತು."

ಹೇಳಿದ ಮೇಲೆ ತಿಳಿಯಿತು. ಊರ ಹರವಿಗಳನ್ನೆಲ್ಲ ಬೆಳಿಗ್ಗೆಯೇ ಬರಿದುಮಾಡಿ ಬೋರಲು ಹಾಕಿದ್ದರು. ತುಂಬಿದ ಹರವಿ ಇದೆ ಎಂದರೆ ಕುಡಿಯುವ ಬಾಯಿಯೂ ಇದೆ ಎಂದು ಅರ್ಥ. ಮಂದಿ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ತಂತಮ್ಮ ಮನೆಯವರನ್ನು ಎಣಿಸಿಕೊಂಡರು. ಉಳಿಸಬೇಕೆಂದು ಆಡಿದ ನನ್ನ ಮಾತೇ ಮುದುಕಿಯ ಮಗನನ್ನು ಹಿಡಿದುಕೊಟ್ಟಿತ್ತು.

ಕೆಂಪು ವಸ್ತ್ರದವ ಮಂದಿಯನ್ನು ಸರಿಸಿ ಮುಂದೆ ಬಂದ. "ನಮ್ಮನಿ ಹರವಿರೀ ಅದು. ಅವ್ವ ಒಳಗದಾಳ. ಎತ್ತಿದ್ರ ಜೀವ ಹೋಗತಿತ್ತು. ಬಂಡ್ಯಾಗ ಕೌದಿ ಸುತ್ತಿ ಮಲಗಿಸೇನಿ ಅಂತ ನಿಮಗ ಸುಳ್ಳ ಹೇಳಿದ್ನಿ."

ಆಮೇಲೆ ಹಿರಿಯರ ಉತ್ತರಕ್ಕೂ ಕಾಯದೆ ನಮ್ಮ ಕಡೆ ತಿರುಗಿ ಕೇಳಿದ: "ಮಾತಾಡಿದ್ಲೇನ್ರಿ?"

ಗುಳೇದಗುಡ್ಡದವ ಹೇಳಿದ. "ಮಾತಾಡಿದ್ರು. ನಾಕು ಗುಟುಕು ನೀರು ಕುಡದ್ರು. ನಾನಽ ನೀವು ಅಂತ ತಿಳಕೊಂಡ್ರು. ಹೊತ್ತು ಮುಳಗೂಮಟಾ ಬರಬ್ಯಾಡ ಅಂದ್ರು."

ಅವನು ತಲೆಯ ವಸ್ತ್ರ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡ. ನಮ್ಮ ಪಕ್ಕದಿಂದಲೇ ನಡೆದು, ಬೂದಿಯ ಗೆರೆ ದಾಟಿ, ಅಗಸಿಯೊಳಗೆ ಹೋದ. ಅವನ ಹೆಂಡತಿ ಇರಬೇಕು, ಕೂಸನ್ನು ಎತ್ತಿಕೊಂಡು ಗೆರೆಯವರೆಗೆ ಓಡಿ ಬಂದು ಅಲ್ಲೇ ನಿಂತಳು. ಯಾರೂ ಅವನನ್ನು ತಡೆಯಲಿಲ್ಲ. ತಡೆಯಬೇಕೆಂದರೂ ಗೆರೆ ದಾಟಬೇಕಾಗುತ್ತಿತ್ತು. ಸುಮಾರು ಹೊತ್ತು ಖಾಲಿ ಓಣಿಯಲ್ಲಿ ಅವನ ಚಪ್ಪಲಿಯ ಸದ್ದು ಕೇಳಿಸುತ್ತಿತ್ತು.

ನಮ್ಮ ಡಬ್ಬಿಯ ನೀರನ್ನು ಅಲ್ಲೇ ಚೆಲ್ಲಿಸಿದರು. ಹಳ್ಳದ ನೀರು ತುಂಬಿದ ಕೊಡವೊಂದನ್ನು ದೂರದಲ್ಲಿಟ್ಟು, ಇಟ್ಟವನು ಹಿಂದೆ ಸರಿದ ಮೇಲೆ ನಾವು ಹೋಗಿ ಡಬ್ಬಿಗೆ ಸುರುವಿಕೊಂಡೆವು. "ಇನ್ನ ನಡೀರಿ. ತಿರಗಿ ನೋಡಬ್ಯಾಡ್ರಿ," ಅಂದರು ಹಿರಿಯರು. ಹೊಲದ ಬದುವಿನ ಮೇಲೆ ನಡೆಯುವಾಗ ನಾನು ತಿರುಗಿ ನೋಡಿದೆ. ಹೆಂಗಸರು, ಗಂಡಸರು, ಮಕ್ಕಳು, ಇಡೀ ಊರು ನಮಗೆ ಬೆನ್ನು ಮಾಡಿ ನಿಂತಿತ್ತು.

ಇಳಕಲ್ಲು ಮುಟ್ಟಿದಾಗ ಸಂಜೆ. ಲಕೋಟೆ ಇಸಿದುಕೊಂಡ ವ್ಯಾಪಾರಿ, ಇಷ್ಟು ಹೊತ್ತಿನಲ್ಲಿ ಆ ಜೀಪು ನಂಬಿ ಹೋಗಬ್ಯಾಡ್ರಿ ಎಂದು ತಮ್ಮ ಮನೆಯಲ್ಲೇ ಉಳಿಸಿಕೊಂಡರು. ಮರುದಿನ ಬೆಳಗಾಗುವಾಗ ಗುಳೇದಗುಡ್ಡದವನಿಗೆ ವಾಂತಿ ಶುರುವಾಯಿತು. ಎರಡು ತಾಸಿನಲ್ಲಿ ಅವನ ಕಣ್ಣು ಒಳಗೆ ಹೋದವು, ಬೆರಳ ತುದಿ ತೊಯ್ದಂತೆ ನಿರಿಗೆಗಟ್ಟಿದವು. ದವಾಖಾನಿಗೆ ಹಾಕಿ ಸಲೈನ್ ಏರಿಸಿದರು. ಡಾಕ್ಟರು ನಮ್ಮಿಬ್ಬರನ್ನು ಹೊರಗೆ ಕರೆದು ಕೇಳಿದರು: "ನೀರು ಎಲ್ಲಿ ಕುಡದಾನ?"

ಜೀಪಿನವ ನನ್ನ ಮುಖ ನೋಡಿದ. ನಾನು ಒಂದನ್ನೂ ಮುಚ್ಚಿಡದೆ ಹೇಳಿದೆ. ಅವರು ಬರೆದುಕೊಂಡು ಹುನಗುಂದಕ್ಕೆ ಸುದ್ದಿ ಮುಟ್ಟಿಸಿದರು. ಮಧ್ಯಾಹ್ನದೊಳಗೆ ಸರಕಾರಿ ಜೀಪೊಂದು ಸೂಜಿ, ಔಷಧ, ಬ್ಲೀಚಿಂಗ್ ಪೌಡರ್ ಹೇರಿಕೊಂಡು ಆ ಊರಿಗೆ ಹೋಯಿತೆಂದು ಕಂಪೌಂಡರ್ ಹೇಳಿದ.

ಆ ದಿನ ನಮ್ಮವನ ಮಂಚದ ಪಕ್ಕ ಕೂತಿದ್ದೆ. ಅರೆಮಂಪರಿನಲ್ಲಿದ್ದವ ಕಣ್ಣು ತೆರೆಯದೆ ಕೇಳಿದ: "ಎಲ್ಲಾರೂ ಊರಾಗ ಬಂದ್ರೇನು?" ನಾನು ಹೂಂ ಅಂದೆ. ಸ್ವಲ್ಪ ಹೊತ್ತಿಗೆ ಮತ್ತೆ, "ಬಂದ್ರೇನು?" ಆ ದನಿ ಅವನದಾಗಿರಲಿಲ್ಲ, ಆ ಮುದುಕಿಯದರಂತಿತ್ತು. ಬೇನೆಯ ದನಿ, ನೀರಡಿಕೆಯ ದನಿ, ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ನಾಲ್ಕು ದಿನಕ್ಕೆ ಅವನು ಎದ್ದು ಕೂತು ಗಂಜಿ ಕುಡಿದ. ಮೂರೂ ಮನೆಯವರು ಬಂದು ನಮ್ಮನ್ನು ಬೈದದ್ದು, ಜೀಪಿನ ಕೀಲಿ ಜೀಪಿನವನ ಅಪ್ಪನ ಸೊಂಟಕ್ಕೆ ಸೇರಿದ್ದು ಬೇರೆ ಮಾತು.

ವರ್ಷದ ಮೇಲೆ, ಪರೀಕ್ಷೆ ಮುಗಿದ ಬೇಸಿಗೆಯಲ್ಲಿ, ನಾನೂ ಗುಳೇದಗುಡ್ಡದವನೂ ಬಸ್ಸಿನಲ್ಲಿ ಇಳಕಲ್ಲಿಗೆ ಹೋಗಿದ್ದೆವು, ಅವನ ಅಕ್ಕನಿಗೆ ಸೀರೆ ತರಲು. ಊರ ಹೊರಗಿನ ಕೆಂಪು ಕಲ್ಲಿನ ಕ್ವಾರಿಯ ಹತ್ತಿರ ಚಾದಂಗಡಿಯಲ್ಲಿ ಕೂತಾಗ ಮೈತುಂಬ ಕಲ್ಲಿನ ಧೂಳು ಮೆತ್ತಿಕೊಂಡ ಒಬ್ಬ ಬಂದು ನಮ್ಮೆದುರು ನಿಂತ. ನಮಗೆ ಗುರುತು ಹತ್ತಲಿಲ್ಲ. ಅವನಿಗೆ ಹತ್ತಿತ್ತು.

"ಆರಾಮ ಅದೀರಲ್ರಿ?" ಅಂದ ಗೆಳೆಯನಿಗೆ. "ನೀವೂ ಮಲಗಿದ್ರಿ ಅಂತ ಸೂಜಿ ಮಾಡಾಕ ಬಂದವ್ರು ಹೇಳಿದ್ರು."

ಗೆಳೆಯ ಕೇಳಿದ: "ಅವ್ವ?"

"ಮೂರು ದಿವ್ಸ ಇದ್ಲು. ಮಾತಾಡತಿದ್ಲು. ಆವತ್ತ ನಾ ಎರಡು ಸರ್ತಿ ಬಂದ್ನಿ ಅಂತನಽ ತಿಳದಿದ್ಲು. ನಾ ಹೂಂ ಅಂದ್ನಿ." ಬೆಂಚಿನ ತುದಿಗೆ ಕೂತ. "ಆಮ್ಯಾಗ ಇನ್ನೂ ನಾಕು ಮಂದಿ ಹ್ವಾದ್ರು. ನಾ ಗೆರಿ ದಾಟಿ ಹೋಗಿದ್ದಕ್ಕ ಅಂದ್ರು. ಊರಾಗ ಯಾರೂ ಮಾತಾಡಲಿಲ್ಲ. ಹೇಣ್ತಿನ್ನ ಕರಕೊಂಡು ಇಲ್ಲಿ ಬಂದ್ನಿ."

"ನಾವೂ ಹೋಗಿದ್ವಿ," ಅಂದ ಗೆಳೆಯ. "ನಿಮಗಿಂತ ಮೊದಲಽ ಹೋಗಿದ್ವಿ."

ಅವನು ತೋಳಿನ ಧೂಳು ಕೊಡವಿದ. "ಹೌದ್ರಿ. ಆದ್ರ ನಿಮ್ಮ ಹೆಸರು ಯಾರಿಗೂ ಗೊತ್ತಿಲ್ಲಲ್ರಿ." ಅದರಲ್ಲಿ ಸಿಟ್ಟಿರಲಿಲ್ಲ. ಬೈಯಲಿಕ್ಕೂ ಒಂದು ಹೆಸರು ಬೇಕು, ಅವರ ಕೈಗೆ ಸಿಕ್ಕದ್ದು ಅವನದು, ಇಷ್ಟೇ ಅವನು ಹೇಳಿದ್ದು.

ಆವತ್ತೂ ಅವನು ನಮ್ಮ ಹೆಸರು ಕೇಳಲಿಲ್ಲ. ನಾವೂ ಹೇಳಲಿಲ್ಲ. ಬ್ಯಾಡ ಅಂದರೂ ಕೇಳದೆ ಮೂರು ಚಾ ತರಿಸಿದ. ನನ್ನ ಕಪ್ಪು ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. ಗೆಳೆಯ ಮಾತ್ರ ಒಂದೇ ಸಲಕ್ಕೆ ಕುಡಿದು ಮುಗಿಸಿದ. ಅವನನ್ನು ನೋಡಿ ನಾನೂ ಕುಡಿದೆ. ಕ್ವಾರಿಯಲ್ಲಿ ಸೀಟಿ ಊದಿದರು, ಅವನು ಎದ್ದು ಹೋದ. ನಾವೂ ಎದ್ದು ಬಸ್‌ಸ್ಟ್ಯಾಂಡಿನ ಕಡೆ ನಡೆದೆವು.